ಬಲ್ಲವನು ದೇವರು, ಹೊಣೆ ಯಾರದು?

(ಹೊಸಪೇಟೆಯಲ್ಲಿ ನಡೆದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಾನು ಧರ್ಮಶಾಸ್ತ್ರ ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ, ಪೊಲೀಸ್ ಠಾಣೆ, ಆಸ್ಪತ್ರೆ, ತಾಲ್ಲೂಕು ಕಚೇರಿಗಳನ್ನು ಸುತ್ತಿ ದಿನಕ್ಕೆ ನಾಲ್ಕು ಸುದ್ದಿ ಬರೆಯುವವನು. ಅಂಥವನು ದೇವರ ಸರ್ವಜ್ಞತೆ, ಮನುಷ್ಯನ ಸ್ವಾತಂತ್ರ್ಯ ಎಂದೆಲ್ಲ ಮಾತನಾಡಲು ಹೊರಟರೆ ನಿಮಗೆ ನಗು ಬರಬಹುದು. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಅದೇ ನನ್ನ ಮೇಜಿನ ಬಳಿಗೆ ಬಂದಿತು.

ಕೆಲಸಕ್ಕೆ ಸೇರಿದ ಹೊಸತು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯೊಂದು ಬೈಕಿಗೆ ಗುದ್ದಿ ಹುಡುಗನೊಬ್ಬ ತೀರಿಕೊಂಡ. ರಾತ್ರಿ ಸುದ್ದಿ ಕಳುಹಿಸುವ ಗಡಿಬಿಡಿ. ಎಲ್ಲರೂ ಬರೆಯುವಂತೆ ನಾನೂ ಬರೆದೆ: ಮನೆಗೆ ಆಸರೆಯಾಗಬೇಕಿದ್ದ ಮಗ, ವಿಧಿಯ ಕ್ರೂರ ಆಟಕ್ಕೆ ಬಲಿ. ಮೂರು ದಿನ ಬಿಟ್ಟು ಹುಡುಗನ ತಂದೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದರು. ಕೂಗಾಡಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, ‘ವಿಧಿ ಅಂತ ಬರ್ದೀಯಲ್ಲ ತಮ್ಮಾ, ಆ ವಿಧಿಗೆ ಲೈಸೆನ್ಸ್ ಐತಾ? ವಿಧಿ ಕುಡ್ದು ಗಾಡಿ ಹೊಡ್ದಿತ್ತಾ?’ ಎಂದು ಕೇಳಿದರು. ಚಾಲಕ ಕುಡಿದಿದ್ದ ಸಂಗತಿ ಆ ಹೊತ್ತಿಗೆ ಠಾಣೆಯ ಕಾಗದದಲ್ಲಿ ಬಂದಿತ್ತು. ನಾನು ಎರಡನೆಯ ಸಲ ವಿಚಾರಿಸಿರಲಿಲ್ಲ.

ತಪ್ಪು ಒಪ್ಪಿಕೊಳ್ಳಲು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಹುಡುಗನ ಫೋಟೊ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನಲ್ಲ, ಗೋಡೆಯನ್ನು ಕೇಳಿದಂತೆ ಕೇಳಿದರು: ‘ಎಲ್ಲಾ ದೇವ್ರಿಗೆ ಮೊದ್ಲೇ ಗೊತ್ತಿರ್ತೈತಿ ಅಂತ ಚರ್ಚ್‌ನಾಗ ಹೇಳ್ತಾರ. ಗೊತ್ತಿದ್ರ ಮತ್ತ ಯಾಕ ಸುಮ್ನಿದ್ದ?’

ತಂದೆಯದು ಒಂದು ಪ್ರಶ್ನೆ, ತಾಯಿಯದು ಇನ್ನೊಂದು. ಎರಡೂ ಒಂದೇ ಎಂದು ಅಂದು ನನಗೆ ಅನ್ನಿಸಿತ್ತು. ಅಲ್ಲ ಎಂದು ತಿಳಿಯಲು ಕೆಲವು ವರ್ಷ ಓದಬೇಕಾಯಿತು. ಓದಿದ್ದನ್ನು ತಿಳಿದ ಮಟ್ಟಿಗೆ ನಿಮ್ಮ ಮುಂದೆ ಇಡುತ್ತೇನೆ.

ಒಂದೇ ಪದ, ಎರಡು ಅರ್ಥ

ಮೊದಲು ನಮ್ಮ ಭಾಷೆಯಿಂದಲೇ ಆರಂಭಿಸೋಣ. ಕನ್ನಡದಲ್ಲಿ ‘ವಿಧಿ’ ಎಂದರೆ ಹಣೆಬರಹ. ಆದರೆ ‘ವಿಧಿ ನಿಷೇಧ’ ಎನ್ನುವಾಗ ಅದೇ ಪದಕ್ಕೆ ಹೀಗೆ ಮಾಡು ಎಂಬ ಕಟ್ಟಳೆಯ ಅರ್ಥ. ಜೀವದ ಹಕ್ಕನ್ನು ಕಾಯುವುದು ಸಂವಿಧಾನದ 21ನೇ ವಿಧಿ. ಮೊದಲನೆಯ ಅರ್ಥದಲ್ಲಿ ಮನುಷ್ಯನ ಕೈಯಲ್ಲಿ ಏನೂ ಇಲ್ಲ. ಎರಡನೆಯ ಅರ್ಥದಲ್ಲಿ ಎಲ್ಲವೂ ಅವನ ಕೈಯಲ್ಲಿದೆ. ಮಾಡಲು ಅಥವಾ ಬಿಡಲು ಆಗದವನಿಗೆ ‘ಮಾಡು’ ಎಂದು ಹೇಳಿ ಏನು ಪ್ರಯೋಜನ? ಬಂಡೆಗೆ ಯಾರೂ ಕಟ್ಟಳೆ ಹಾಕುವುದಿಲ್ಲ.

ಕ್ರೈಸ್ತ ಧರ್ಮದ ತೊಡಕು ಇರುವುದೂ ಇಲ್ಲಿಯೇ. ಬೈಬಲಿನ ದೇವರು ಆಜ್ಞೆ ಕೊಡುವ ದೇವರು. ಕೊಲ್ಲಬೇಡ, ಕದಿಯಬೇಡ ಎನ್ನುತ್ತಾನೆ, ಕೊನೆಯ ದಿನ ಲೆಕ್ಕ ಕೇಳುತ್ತಾನೆ. ಅಂದ ಮೇಲೆ ಮನುಷ್ಯ ಸ್ವತಂತ್ರನಿರಬೇಕು. ಆದರೆ ಅದೇ ದೇವರು ಸರ್ವಜ್ಞ. ಆಗಲಿರುವುದೆಲ್ಲ ಅವನಿಗೆ ಗೊತ್ತು. ಯೇಸುವನ್ನು ಹಿಡಿದ ರಾತ್ರಿಯ ಕಥೆ ನಿಮಗೆ ಗೊತ್ತಿರಬಹುದು. ಕೋಳಿ ಕೂಗುವ ಮೊದಲು ನೀನು ನನ್ನನ್ನು ಮೂರು ಸಲ ಅಲ್ಲಗಳೆಯುವೆ ಎಂದು ಯೇಸು ಶಿಷ್ಯ ಪೇತ್ರನಿಗೆ ಮೊದಲೇ ತಿಳಿಸುತ್ತಾನೆ. ಹಾಗೆಯೇ ಆಗುತ್ತದೆ. ಪೇತ್ರ ಬಿಕ್ಕಿ ಬಿಕ್ಕಿ ಅಳುತ್ತಾನೆ. ಹೇಳಿದ ಮಾತು ಸುಳ್ಳಾಗುವಂತೆಯೇ ಇಲ್ಲದಿದ್ದರೆ ಪೇತ್ರ ಅಲ್ಲಗಳೆಯದೆ ಇರಲು ಸಾಧ್ಯವಿತ್ತೆ? ಸಾಧ್ಯವಿರಲಿಲ್ಲ ಎಂದಾದರೆ ಆ ಅಳು ಯಾವ ತಪ್ಪಿಗೆ?

ನಾಳೆಯ ಪತ್ರಿಕೆ

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಮೊದಲಿಗರಲ್ಲಿ ಒಬ್ಬ ಆಗಸ್ಟೀನ್ (354-430). ಉತ್ತರ ಆಫ್ರಿಕದ ಹಿಪ್ಪೊ ಎಂಬ ಊರಿನ ಬಿಷಪ್ ಆಗಿದ್ದವನು. ಸಂಕಲ್ಪದ ಸ್ವಾತಂತ್ರ್ಯವನ್ನು ಕುರಿತ ಅವನ ಗ್ರಂಥ ಸಂಭಾಷಣೆಯ ರೂಪದಲ್ಲಿದೆ. ಅಲ್ಲಿ ಅವನು ಕೊಡುವ ಉತ್ತರದ ಸಾರ ಇಷ್ಟು: ನಿನ್ನೆ ನಡೆದದ್ದು ನಿನ್ನ ನೆನಪಿನಲ್ಲಿದೆ. ನೆನಪಿದೆ ಎಂಬ ಕಾರಣಕ್ಕೆ ಅದು ನಡೆಯಲಿಲ್ಲ. ಹಾಗೆಯೇ ದೇವರ ಮುನ್ನರಿವು ಮುಂದಿನದನ್ನು ಬಲವಂತವಾಗಿ ನಡೆಸುವುದಿಲ್ಲ.

ವರದಿಗಾರನಾದ ನನಗೆ ಈ ಮಾತು ಬೇಗ ಹಿಡಿಸಿತು. ಅಪಘಾತ ನಡೆದದ್ದರಿಂದ ನಾನು ಬರೆದೆ. ನಾನು ಬರೆದದ್ದರಿಂದ ಅಪಘಾತ ನಡೆಯಲಿಲ್ಲ. ಅರಿವು ಘಟನೆಯನ್ನು ಹಿಂಬಾಲಿಸುತ್ತದೆ, ಎಳೆದುಕೊಂಡು ಬರುವುದಿಲ್ಲ.

ಇಲ್ಲಿ ತರ್ಕದ ಒಂದು ಸೂಕ್ಷ್ಮವಿದೆ. ‘ನೀವು ಕುರ್ಚಿಯಲ್ಲಿ ಕುಳಿತಿರುವುದನ್ನು ನಾನು ಕಾಣುತ್ತಿದ್ದರೆ ನೀವು ಕುಳಿತಿರಲೇಬೇಕು’ ಎಂಬ ಮಾತು ನಿಜ. ಆದರೆ ಆ ‘ಲೇಬೇಕು’ ನನ್ನ ನೋಟಕ್ಕೂ ನಿಮ್ಮ ಕೂರುವಿಕೆಗೂ ಇರುವ ಸಂಬಂಧಕ್ಕೆ ಸೇರಿದ್ದು. ನಿಮ್ಮನ್ನು ಯಾರೋ ಕುರ್ಚಿಗೆ ಕಟ್ಟಿಹಾಕಿದ್ದಾರೆ ಎಂದು ಅದರ ಅರ್ಥವಲ್ಲ. ನೀವು ಈಗಲೇ ಎದ್ದು ಹೋಗಬಹುದು. ಹೋದರೆ ನಾನು ಕಾಣುವುದೂ ಬೇರೆಯಾಗುತ್ತದೆ, ಅಷ್ಟೆ. ಕಂಡದ್ದು ತಪ್ಪಾಗದು ಎಂಬುದನ್ನೂ ಮಾಡಿದ್ದು ತಪ್ಪಿಸಲಾಗದು ಎಂಬುದನ್ನೂ ಒಂದೇ ಎಂದು ತಿಳಿದಾಗ ಗೊಂದಲ ಹುಟ್ಟುತ್ತದೆ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ವರದಿ ಘಟನೆಯ ನಂತರದ್ದು. ದೇವರ ಅರಿವು ಘಟನೆಗೆ ಮುಂಚಿನದು. ಹೀಗೆ ಊಹಿಸಿಕೊಳ್ಳಿ. ನಾಳೆಯ ಪತ್ರಿಕೆ ಇಂದೇ ಅಚ್ಚಾಗಿ ನಮ್ಮ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಅದರಲ್ಲಿ ಒಂದಕ್ಷರವೂ ತಪ್ಪಾಗಲು ಸಾಧ್ಯವಿಲ್ಲ. ಅಚ್ಚು ಮುಗಿದುಹೋಗಿದೆ, ಆದದ್ದನ್ನು ಇನ್ನು ಬದಲಿಸುವಂತಿಲ್ಲ. ಆಗ ನಾಳೆ ಬೆಳಿಗ್ಗೆ ನಾನು ಅದರಲ್ಲಿರುವುದಕ್ಕಿಂತ ಬೇರೆಯಾಗಿ ನಡೆದುಕೊಳ್ಳಬಲ್ಲೆನೆ? ಬೀರುವಿನಲ್ಲಿರುವ ಆ ಪತ್ರಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ ನಿಜ. ಆದರೂ ಅದು ಅಲ್ಲಿದೆ ಎಂದು ನೆನೆದರೇ ಉಸಿರು ಕಟ್ಟಿದಂತಾಗುತ್ತದೆ.

ಮಾತಂಗ ಬೆಟ್ಟದ ಮೇಲಿಂದ

ಈ ಬೀರುವಿನ ಬೀಗ ತೆಗೆಯಲು ಯತ್ನಿಸಿದವನು ಬೊಯೀಥಿಯಸ್. ರೋಮಿನ ದೊಡ್ಡ ಅಧಿಕಾರಿ. ರಾಜದ್ರೋಹದ ಆಪಾದನೆಗೆ ಗುರಿಯಾಗಿ, ದೊರೆ ಥಿಯೊಡೊರಿಕ್‌ನ ಸೆರೆಯಲ್ಲಿದ್ದು, 524ರ ಸುಮಾರಿಗೆ ಮರಣದಂಡನೆಗೆ ಗುರಿಯಾದ. ಸೆರೆಯಲ್ಲಿ ಕುಳಿತು ಅವನು ಬರೆದ, ತತ್ವಶಾಸ್ತ್ರವೇ ಹೆಣ್ಣಿನ ರೂಪದಲ್ಲಿ ಬಂದು ಸಮಾಧಾನ ಹೇಳುವ ಗ್ರಂಥ ಯುರೋಪಿನಲ್ಲಿ ಸಾವಿರ ವರ್ಷ ಓದಿಸಿಕೊಂಡಿತು. ಅದರ ಕೊನೆಯ ಭಾಗದಲ್ಲಿ ಚರ್ಚೆಯಾಗುವುದು ನಮ್ಮ ಇಂದಿನ ಪ್ರಶ್ನೆಯೇ.

ಅವನ ಉತ್ತರ: ದೇವರು ‘ಮೊದಲೇ’ ತಿಳಿಯುತ್ತಾನೆ ಎನ್ನುವುದೇ ತಪ್ಪು ಮಾತು. ಮೊದಲು, ಆಮೇಲೆ ಎಂಬುದು ಕಾಲದೊಳಗೆ ಬದುಕುವ ನಮಗೆ. ದೇವರು ಕಾಲದ ಹೊರಗಿದ್ದಾನೆ. ನಮ್ಮ ನಿನ್ನೆ, ಇಂದು, ನಾಳೆಗಳೆಲ್ಲ ಅವನಿಗೆ ಒಂದೇ ‘ಈಗ’. ಅವನ ಪತ್ರಿಕೆಗೆ ದಿನಾಂಕವೇ ಇಲ್ಲ. ಆದ್ದರಿಂದ ಅವನದು ಮುನ್ನೋಟವಲ್ಲ, ಬರೀ ನೋಟ. ನೋಟ ಯಾರನ್ನೂ ಬಲವಂತ ಮಾಡುವುದಿಲ್ಲ.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ (1225-1274) ಇದಕ್ಕೆ ಒಂದು ಚಿತ್ರ ಕೊಟ್ಟ. ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುತ್ತಿರುವವರು ಕಾಣುವುದಿಲ್ಲ. ಎತ್ತರದಲ್ಲಿ ನಿಂತು ಇಡೀ ದಾರಿಯನ್ನು ನೋಡುವವನಿಗೆ ಎಲ್ಲರೂ ಒಟ್ಟಿಗೇ ಕಾಣುತ್ತಾರೆ.

ಇದನ್ನು ಓದಿದಾಗ ನನಗೆ ಇಟಲಿಯ ಬೆಟ್ಟ ಬೇಕಾಗಲಿಲ್ಲ. ನಮ್ಮ ಮಾತಂಗ ಬೆಟ್ಟ ಇದೆಯಲ್ಲ! ಬೆಳಗಿನ ಜಾವ ಹತ್ತಿ ಕುಳಿತರೆ ಕೆಳಗೆ ವಿರೂಪಾಕ್ಷನ ಗೋಪುರ, ಅದರೆದುರಿನ ತೇರು ಬೀದಿ, ಇತ್ತ ಅಚ್ಯುತರಾಯನ ಗುಡಿ, ಅತ್ತ ತುಂಗಭದ್ರೆ. ಗೋಪುರದ ಬಳಿ ಈಗಷ್ಟೆ ಹೆಜ್ಜೆ ಇಟ್ಟವನು, ನಡುಬೀದಿಯಲ್ಲಿ ಹೂವು ಕೊಳ್ಳುತ್ತಿರುವವಳು, ಬೀದಿಯ ಈ ತುದಿಗೆ ಬಂದು ದಣಿವಾರಿಸಿಕೊಳ್ಳುತ್ತಿರುವ ಮುದುಕ, ಎಲ್ಲರೂ ಒಂದೇ ನೋಟಕ್ಕೆ ಸಿಗುತ್ತಾರೆ. ಬೀದಿಯಲ್ಲಿರುವವನಿಗೆ ಹಿಂದೆ, ಮುಂದೆ ಇದೆ. ಬೆಟ್ಟದ ಮೇಲಿನವನಿಗೆ ಇಡೀ ಬೀದಿ ಇದೆ. ಅವನು ನೋಡುತ್ತಿದ್ದಾನೆ ಎಂದು ಕೆಳಗಿನವರು ನಡೆಯುತ್ತಿಲ್ಲ.

ಚಾಲಕನ ಹೊಣೆಯ ಮಟ್ಟಿಗೆ ಈ ಉತ್ತರ ಸಾಕು. ಅವನು ಕುಡಿದ, ಸ್ಟೀರಿಂಗ್ ಹಿಡಿದ. ಬೆಟ್ಟದ ಮೇಲಿಂದ ಯಾರೋ ನೋಡುತ್ತಿದ್ದರು ಎಂಬುದು ಅವನ ತಪ್ಪನ್ನು ಕಡಿಮೆ ಮಾಡುವುದಿಲ್ಲ. ತಂದೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ತಾಯಿಯ ಪ್ರಶ್ನೆ? ಬೆಟ್ಟದ ಮೇಲಿರುವವನಿಗೆ ಕಣ್ಣಿನ ಜೊತೆ ಬಾಯಿಯೂ ಇದೆಯಲ್ಲ. ಲಾರಿ ಬರುತ್ತಿದೆ ಮಗಾ, ಸರಿದುಕೋ ಎಂದು ಒಂದು ಕೂಗು ಹಾಕಬಹುದಿತ್ತಲ್ಲ. ಅಷ್ಟೇ ಅಲ್ಲ, ಇಲ್ಲಿ ಇನ್ನೊಂದು ತೊಡಕಿದೆ. ದೇವರು ಕಂಡದ್ದು ಅಪಘಾತ ನಡೆದೇ ಬಿಟ್ಟ ನೋಟ. ಕೂಗಿ ತಪ್ಪಿಸಿದ್ದರೆ ಆ ನೋಟವೇ ಇರುತ್ತಿರಲಿಲ್ಲ. ಆದದ್ದನ್ನು ಕಂಡ ಅರಿವಿನಿಂದ ಆಗುವುದನ್ನು ತಪ್ಪಿಸಲು ಬಾರದು. ಹಾಗಾದರೆ ಅಂಥ ಸರ್ವಜ್ಞತೆ ಯಾರಿಗೆ, ಯಾವ ಉಪಯೋಗಕ್ಕೆ?

ಕುಹಯೋಗ ಮತ್ತು ಕೆಯೀಲ

ಇದಕ್ಕೆ ಉತ್ತರ ಹುಡುಕುವಾಗ ನೆನಪಾದದ್ದು ಹಂಪಿಯವರೆಲ್ಲ ಚಿಕ್ಕಂದಿನಿಂದ ಕೇಳಿರುವ ಕಥೆ. ಕೃಷ್ಣದೇವರಾಯನಿಗೆ ಕುಹಯೋಗ ಬರಲಿದೆ, ಆ ಹೊತ್ತಿನಲ್ಲಿ ಸಿಂಹಾಸನದ ಮೇಲಿದ್ದರೆ ಅರಸನಿಗೆ ಕೇಡು ಎಂದು ತಿಳಿದುಬಂತಂತೆ. ಆಗ ರಾಜಗುರು ವ್ಯಾಸರಾಯರು ತಾವೇ ಸಿಂಹಾಸನ ಏರಿ ಕುಳಿತು ಆ ಗಂಡಾಂತರವನ್ನು ಕಳೆದರು ಎನ್ನುತ್ತದೆ ಪರಂಪರೆ. ಅವರಿಗೆ ವ್ಯಾಸರಾಜರೆಂಬ ಹೆಸರು ಬಂದದ್ದನ್ನೂ ಈ ಕಥೆಯೊಂದಿಗೆ ಜೋಡಿಸುವುದುಂಟು.

ಕಥೆಯ ಐತಿಹಾಸಿಕತೆ ಇರಲಿ, ಅದರೊಳಗಿನ ತರ್ಕ ನೋಡಿ. ಗೊತ್ತಿದ್ದದ್ದು ‘ಅರಸನಿಗೆ ಕೇಡಾಗುತ್ತದೆ’ ಎಂದಲ್ಲ. ‘ಅರಸ ಆ ಹೊತ್ತಿನಲ್ಲಿ ಅಲ್ಲಿ ಕುಳಿತರೆ ಕೇಡಾಗುತ್ತದೆ’ ಎಂದು. ‘ಕುಳಿತರೆ’ ಎಂಬ ಪದದ ಆ ಸಣ್ಣ ‘ರೆ’ಯಲ್ಲಿ ಮನುಷ್ಯ ನುಸುಳಿಕೊಳ್ಳುವಷ್ಟು ಜಾಗವಿದೆ.

ಇಂಥದೇ ಒಂದು ಕಥೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಸೌಲ ರಾಜನಿಗೆ ಹೆದರಿ ತಲೆಮರೆಸಿಕೊಂಡಿದ್ದ ದಾವೀದ, ಕೆಯೀಲ ಎಂಬ ಊರಿನಲ್ಲಿದ್ದಾನೆ. ಸೌಲ ಇಲ್ಲಿಗೆ ಬರುವನೇ ಎಂದು ದೇವರನ್ನು ಕೇಳುತ್ತಾನೆ. ಬರುತ್ತಾನೆ ಎಂದು ಉತ್ತರ. ಈ ಊರಿನವರು ನನ್ನನ್ನು ಅವನಿಗೆ ಒಪ್ಪಿಸುವರೇ? ಒಪ್ಪಿಸುತ್ತಾರೆ ಎಂದು ಉತ್ತರ. ದಾವೀದ ತನ್ನವರನ್ನು ಕಟ್ಟಿಕೊಂಡು ಊರು ಬಿಟ್ಟ. ಸೌಲ ಬರಲೇ ಇಲ್ಲ, ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಹಾಗಾದರೆ ದೇವರು ಸುಳ್ಳು ಹೇಳಿದನೆ? ಇಲ್ಲ. ನೀನು ಇಲ್ಲಿಯೇ ಉಳಿದರೆ ಹೀಗಾಗುತ್ತದೆ ಎಂದು ಹೇಳಿದ.

ಸ್ಪೇನಿನ ಜೆಸ್ವಿಟ್ ಪಾದ್ರಿ ಲೂಯಿಸ್ ಡಿ ಮೊಲಿನ (1535-1600) ಇದರ ಸುತ್ತ ಒಂದು ಸಿದ್ಧಾಂತವನ್ನೇ ಕಟ್ಟಿದ. ಅವನ ಗ್ರಂಥ 1588ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಪ್ರಕಟವಾಯಿತು. ಯಾವ ಪೋರ್ಚುಗೀಸರ ಕುದುರೆಗಳು ವಿಜಯನಗರಕ್ಕೆ ಬರುತ್ತಿದ್ದವೋ, ಯಾವ ನಾಡಿನ ಡೊಮಿಂಗೊ ಪಾಯಸ್ ಮತ್ತು ನೂನಿಜ್ ನಮ್ಮ ಪೇಟೆಗಳನ್ನು ವರ್ಣಿಸಿದರೋ ಅವರ ರಾಜಧಾನಿ ಅದು. ಅಷ್ಟು ಹೊತ್ತಿಗೆ 1565ರ ಯುದ್ಧ ಮುಗಿದು ಹಂಪಿ ಹಾಳಾಗಿತ್ತು.

ಮೊಲಿನನ ಪ್ರಕಾರ ದೇವರ ಅರಿವಿಗೆ ಮೂರು ಪದರ. ಏನೇನು ಆಗಬಹುದು ಎಂಬುದು ಒಂದು. ಏನು ಆಗಲಿದೆ ಎಂಬುದು ಕೊನೆಯದು. ಇವೆರಡರ ನಡುವೆ ಇನ್ನೊಂದಿದೆ: ಯಾವ ಸನ್ನಿವೇಶದಲ್ಲಿ ಯಾರು ತಮ್ಮ ಸ್ವಂತ ಇಚ್ಛೆಯಿಂದ ಏನು ಮಾಡುತ್ತಾರೆ ಎಂಬ ಅರಿವು. ಅದನ್ನು ಅವನು ‘ನಡುವಣ ಅರಿವು’ ಎಂದು ಕರೆದ. ಅದರ ಬಲದಿಂದ ದೇವರು ಜಗತ್ತನ್ನು ನಡೆಸುತ್ತಾನೆ. ಯಾರ ಕೈಯನ್ನೂ ತಿರುಚುವುದಿಲ್ಲ.

ಡೊಮಿನಿಕನ್ ಪಂಥದವರು ಇದನ್ನು ಒಪ್ಪಲಿಲ್ಲ. ಮನುಷ್ಯ ಏನು ಮಾಡುತ್ತಾನೆಂದು ಕಾದು ತಿಳಿಯುವ ದೇವರು ಎಂಥ ದೇವರು ಎಂದರು. ಜಗಳ ರೋಮಿಗೆ ಹೋಯಿತು. ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೆಯ ಪಾಲ್ ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಒಬ್ಬರನ್ನೊಬ್ಬರು ಧರ್ಮದ್ರೋಹಿ ಎನ್ನಕೂಡದು ಎಂದು ಹೇಳಿ ಎರಡೂ ಕಡೆಯವರನ್ನು ಮನೆಗೆ ಕಳುಹಿಸಿದ. ನನ್ನ ಮಟ್ಟಿಗೆ ಇದು ಚರ್ಚಿನ ಇತಿಹಾಸದ ವಿವೇಕದ ನಿರ್ಧಾರಗಳಲ್ಲಿ ಒಂದು.

ತಿಳಿಯುವುದೇ, ನಿರ್ಧರಿಸುವುದೇ?

ಪ್ರಾಟೆಸ್ಟೆಂಟರಲ್ಲಿ ಜಗಳ ಬೇರೆ ದಾರಿ ಹಿಡಿಯಿತು. 1524ರಲ್ಲಿ ಎರಾಸ್ಮಸ್ ಮನುಷ್ಯನ ಇಚ್ಛೆ ಸ್ವತಂತ್ರ ಎಂದು ಬರೆದ. ಮರುವರ್ಷ ಮಾರ್ಟಿನ್ ಲೂಥರ್, ರಕ್ಷಣೆಯ ವಿಷಯದಲ್ಲಿ ಅದು ಕಟ್ಟುಬಿದ್ದ ಇಚ್ಛೆ ಎಂದು ಉತ್ತರ ಕೊಟ್ಟ. ಇಸವಿಗಳನ್ನು ಗಮನಿಸಿ. ಆಗ ಇಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ (1509-1529). ಜೀವನ ಕರ್ತೃತ್ವ ಯಾರ ಅಧೀನ ಎಂಬ ವಿಚಾರ ತುಂಗಭದ್ರೆಯ ದಂಡೆಯಲ್ಲಿಯೂ ನಡೆಯುತ್ತಿದ್ದ ಕಾಲ ಅದು.

ಪೌಲನು ರೋಮಿನವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ದೇವರು ಮುಂದಾಗಿ ತಿಳಿದದ್ದು, ಮುಂದಾಗಿ ನೇಮಿಸಿದ್ದು ಎಂಬ ಎರಡು ಮಾತು ಅಕ್ಕಪಕ್ಕದಲ್ಲಿವೆ. ಯಾವುದು ಯಾವುದಕ್ಕೆ ಕಾರಣ? ಜಾನ್ ಕಾಲ್ವಿನ್‌ನ ಪರಂಪರೆ ಹೇಳುವುದು: ದೇವರು ನೇಮಿಸಿದ್ದರಿಂದ ಅವನಿಗೆ ಗೊತ್ತು. ಡಚ್ ಪಂಡಿತ ಅರ್ಮಿನಿಯಸ್ (1560-1609) ಹೇಳಿದ್ದು: ಯಾರು ನಂಬುವರೆಂದು ಗೊತ್ತಿದ್ದರಿಂದ ಅವರನ್ನು ಆರಿಸಿಕೊಂಡ. 1618-19ರಲ್ಲಿ ಡಾರ್ಟ್ ಎಂಬ ಊರಿನಲ್ಲಿ ಸೇರಿದ ಸಭೆ ಅರ್ಮಿನಿಯಸ್‌ನ ಅನುಯಾಯಿಗಳನ್ನು ಹೊರಗಿಟ್ಟಿತು. ನೂರಿಪ್ಪತ್ತು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಅರ್ಮಿನಿಯಸ್‌ನ ಪಕ್ಷ ಹಿಡಿದು, ಗೆಳೆಯ ವೈಟ್‌ಫೀಲ್ಡ್ ಜೊತೆ ಮುನಿಸು ಕಟ್ಟಿಕೊಂಡ.

ಈ ದೂರದ ಜಗಳಕ್ಕೂ ನಮಗೂ ಏನು ಸಂಬಂಧ ಎನ್ನಬೇಡಿ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಅಲ್ಲಿ ನಡೆಯಿತು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ಹೊರತಂದ. ಆ ಸೊಸೈಟಿಯಲ್ಲಿ ಕಾಲ್ವಿನ್ ಪರಂಪರೆಯವರೇ ಹೆಚ್ಚು. ಇತ್ತ ಬೆಂಗಳೂರು, ಮೈಸೂರುಗಳಲ್ಲಿ ಶಾಲೆ, ಮುದ್ರಣಾಲಯ ಕಟ್ಟಿದ ವೆಸ್ಲಿಯನ್ ಮಿಷನ್ ಅರ್ಮಿನಿಯಸ್ ಕಡೆಯದು. ಹೀಗೆ ಯುರೋಪಿನ ಎರಡು ಬಣಗಳೂ ಕನ್ನಡದಲ್ಲಿಯೇ ಪ್ರಾರ್ಥನೆ ಮಾಡಲು ಕಲಿತವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಎರಡು ಪರಂಪರೆಗಳೂ ಆಂಗ್ಲಿಕನರ ಜೊತೆ ಒಂದೇ ಸೂರಿನಡಿ ಸೇರಿದವು. ದೇವರು ನೇಮಿಸಿದನೋ, ಬರೀ ತಿಳಿದನೋ ಎಂಬುದನ್ನು ಇತ್ಯರ್ಥ ಮಾಡಿಕೊಂಡು ಅವರು ಸೇರಲಿಲ್ಲ. ಇತ್ಯರ್ಥವಾಗದೆಯೂ ಒಂದೇ ಬೆಂಚಿನಲ್ಲಿ ಕೂರಬಹುದು ಎಂದು ಸೇರಿದರು.

ಹೊಸ ಕಾಲದವರೂ ಸುಮ್ಮನಿಲ್ಲ. 1994ರಲ್ಲಿ ಐವರು ಚಿಂತಕರು ಸೇರಿ ಒಂದು ಪುಸ್ತಕ ತಂದರು. ಮನುಷ್ಯ ಇನ್ನೂ ಆರಿಸಿಕೊಳ್ಳದ ಆಯ್ಕೆ ನಿಶ್ಚಿತ ಸಂಗತಿಯಾಗಿ ಎಲ್ಲಿಯೂ ಇಲ್ಲ. ಇಲ್ಲದ್ದನ್ನು ತಿಳಿಯದಿರುವುದು ಸರ್ವಜ್ಞತೆಗೆ ಕೊರತೆಯಲ್ಲ ಎಂಬುದು ಅವರ ವಾದದ ತಿರುಳು. ಆಗ ದೇವರೂ ನಮ್ಮ ಜೊತೆ ನಾಳೆಗೆ ಕಾಯುತ್ತಾನೆ. ತಾಯಿಯ ಪ್ರಶ್ನೆ ಸ್ವಲ್ಪ ಮೃದುವಾಗುತ್ತದೆ. ಆದರೆ ಪೇತ್ರನಿಗೆ ಹೇಳಿದ ಮಾತು ಹೇಗೆ ಎಂದು ಉಳಿದವರು ಕೇಳುತ್ತಾರೆ.

ನಡುಗಡ್ಡೆಯ ಬೃಂದಾವನ

ಇನ್ನು ನಮ್ಮ ಹೊಳೆಯ ಕಡೆ ಬರೋಣ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನ ಇರುವುದು ಅಲ್ಲಿಯೇ. ‘ನ್ಯಾಯಾಮೃತ’, ‘ತರ್ಕತಾಂಡವ’ಗಳನ್ನು ಬರೆದ ಈ ಮಹಾ ತಾರ್ಕಿಕರು ಮಧ್ವಮತದವರು. ಆ ಮತದಲ್ಲಿಯೂ ದೇವರು ಸರ್ವಜ್ಞ, ಸರ್ವತಂತ್ರ ಸ್ವತಂತ್ರ. ಹಾಗಾದರೆ ಜೀವನು ಬರೀ ಗೊಂಬೆಯೆ? ಅಲ್ಲ ಎನ್ನುತ್ತದೆ ಮಧ್ವಮತ. ಜೀವನಿಗೆ ಕರ್ತೃತ್ವವಿದೆ, ಆದರೆ ಅದು ಪರಾಧೀನ, ಅಂದರೆ ದೇವರು ಕೊಟ್ಟ ಶಕ್ತಿಯಿಂದ ನಡೆಯುವಂಥದು. ಕರ್ತೃತ್ವವೇ ಇಲ್ಲ ಎಂದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿರುವುದಿಲ್ಲ. ಆಗಸ್ಟೀನ್ ಕೂಡ ಇದೇ ಮಾತನ್ನು ಹೇಳಿದ್ದಾನೆ: ಇಚ್ಛೆ ಇಲ್ಲದವನಿಗೆ ಆಜ್ಞೆ ವ್ಯರ್ಥ. ಸಾವಿರ ಮೈಲಿಗಳಾಚೆ, ಶತಮಾನಗಳ ಅಂತರದಲ್ಲಿ ಒಂದೇ ತರ್ಕ.

ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ಮಧ್ವಮತದಲ್ಲಿ ಜೀವ ಅನಾದಿ. ಅವನ ಸ್ವಭಾವ, ಕರ್ಮಗಳೂ ಅನಾದಿ. ದೇವರು ಅವುಗಳಿಗೆ ತಕ್ಕಂತೆ ನಡೆಸುತ್ತಾನೆ. ಆದ್ದರಿಂದ ಒಳಿತು ಕೆಡುಕುಗಳ ಮೂಲವನ್ನು ಅವನ ಬಾಗಿಲಿಗೆ ತಂದು ಹಾಕುವಂತಿಲ್ಲ. ಕ್ರೈಸ್ತರ ದೇವರು ಆತ್ಮವನ್ನು ಶೂನ್ಯದಿಂದ ಸೃಷ್ಟಿಸುತ್ತಾನೆ. ಹಿಂದಿನ ಜನ್ಮದ ಲೆಕ್ಕವಿಲ್ಲ. ಇರುವುದು ಒಂದೇ ಬಾಳು. ಹೀಗಾಗಿ ‘ಗೊತ್ತಿದ್ದೂ ಯಾಕೆ ಸೃಷ್ಟಿಸಿದ, ಗೊತ್ತಿದ್ದೂ ಯಾಕೆ ಸುಮ್ಮನಿದ್ದ’ ಎಂಬ ಪ್ರಶ್ನೆ ಕ್ರೈಸ್ತ ತಾಯಿಯ ಬಾಯಲ್ಲಿ ಹೆಚ್ಚು ಹರಿತವಾಗುತ್ತದೆ. ಅದು ಆ ತಾಯಿಯ ನಂಬಿಕೆಯ ಕೊರತೆಯಲ್ಲ. ಆ ನಂಬಿಕೆಯ ರಚನೆಯಲ್ಲಿಯೇ ಇರುವ ಅಂಚು.

2019ರ ಜುಲೈನಲ್ಲಿ ನಿಧಿಗಳ್ಳರು ರಾತ್ರೋರಾತ್ರಿ ಆ ನಡುಗಡ್ಡೆಗೆ ಹೋಗಿ ವ್ಯಾಸರಾಯರ ಬೃಂದಾವನವನ್ನೇ ಕೆಡವಿದ್ದು ನಿಮಗೆ ನೆನಪಿರಬಹುದು. ದೇವರೇ ಎಲ್ಲವನ್ನೂ ನಡೆಸುತ್ತಾನೆ ಎಂದು ನಂಬಿದವರೇ ಅಲ್ಲಿಗೆ ಧಾವಿಸಿದರು. ದೇವರ ಇಚ್ಛೆ ಎಂದು ಕೈಕಟ್ಟಿ ಕೂರಲಿಲ್ಲ. ಕಲ್ಲು ಹೊತ್ತರು, ಬೃಂದಾವನವನ್ನು ಮತ್ತೆ ಕಟ್ಟಿದರು. ಪೊಲೀಸರು ಆರೋಪಿಗಳನ್ನು ಹಿಡಿದಾಗ ಅವರನ್ನು ಬಿಟ್ಟುಬಿಡಿ, ಎಲ್ಲ ವಿಧಿ ಎಂದು ಯಾರೂ ಹೇಳಲಿಲ್ಲ. ಸಿದ್ಧಾಂತ ಪುಸ್ತಕದಲ್ಲಿ ಹೇಗೇ ಇರಲಿ, ಬದುಕುವಾಗ ನಾವು ಮನುಷ್ಯನನ್ನು ಹೊಣೆಗಾರ ಎಂದೇ ಕಾಣುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗಲೂ ಇದನ್ನೇ ಕಂಡೆ. ಕೆಳಗಿನ ಊರುಗಳಲ್ಲಿ ರೈತರು ಪ್ರಾರ್ಥಿಸಿದರು. ಮೇಲೆ ತಂತ್ರಜ್ಞರು ಮತ್ತು ಕೂಲಿಕಾರರು ಹರಿಯುವ ನೀರಿಗೇ ಉಕ್ಕಿನ ತಡೆಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದರು. 17ರ ಹೊತ್ತಿಗೆ ನೀರು ನಿಂತಿತು. ಪ್ರಾರ್ಥಿಸಿದವರು ಕೆಲಸ ಬೇಡ ಎನ್ನಲಿಲ್ಲ. ಕೆಲಸ ಮಾಡಿದವರಲ್ಲಿ ಪ್ರಾರ್ಥಿಸಿದವರೂ ಇದ್ದಿರಬೇಕು. ಗೇಟು ಯಾಕೆ ಹೋಯಿತು, ಸರಪಳಿಯನ್ನು ಯಾರು ನೋಡಿಕೊಳ್ಳಬೇಕಿತ್ತು ಎಂಬ ಪ್ರಶ್ನೆ ಮರುದಿನವೇ ಎದ್ದಿತು. ಏಳಲೇಬೇಕಿತ್ತು.

ಎರಡು ಪ್ರಶ್ನೆ

ಈಗ ಆ ಮನೆಗೆ ಮರಳುತ್ತೇನೆ.

ಆಗಸ್ಟೀನ್, ಬೊಯೀಥಿಯಸ್, ಅಕ್ವಿನಾಸ್, ಮೊಲಿನ, ಅರ್ಮಿನಿಯಸ್, ಇತ್ತ ವ್ಯಾಸರಾಯರು, ಇವರೆಲ್ಲ ಹಲವು ವಿಷಯಗಳಲ್ಲಿ ಒಪ್ಪುವುದಿಲ್ಲ. ಆದರೆ ಒಂದು ಮಾತಿನಲ್ಲಿ ಎಲ್ಲರೂ ಒಂದು: ದೇವರಿಗೆ ಗೊತ್ತಿತ್ತು ಎಂಬುದು ಮಾಡಿದವನ ತಪ್ಪಿಗೆ ನೆಪವಾಗುವುದಿಲ್ಲ. ಎಲ್ಲವನ್ನೂ ದೇವರೇ ನೇಮಿಸಿದ್ದಾನೆ ಎಂದ ಕಾಲ್ವಿನ್ ಕೂಡ ಪಾಪಿಯನ್ನು ಹೊಣೆಯಿಂದ ಬಿಡಲಿಲ್ಲ. ಅವನನ್ನು ಯಾರೂ ತಳ್ಳಲಿಲ್ಲ, ಅವನೇ ಬಯಸಿ ಮಾಡಿದ ಎಂದ. ಕಾನೂನಿನ ಮಾತೂ ಅದೇ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವನ ಮೇಲೆ ಹಿಂದೆ ದಂಡ ಸಂಹಿತೆಯ 304-ಎ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಂದಿದೆ. ಎರಡರಲ್ಲಿಯೂ ಹಣೆಬರಹಕ್ಕೆ ರಿಯಾಯಿತಿ ಇಲ್ಲ. ತಂದೆಯ ಪ್ರಶ್ನೆಗೆ ಉತ್ತರ ಇದು.

ತಾಯಿಯ ಪ್ರಶ್ನೆ ತರ್ಕದ್ದಲ್ಲ. ‘ಗೊತ್ತಿತ್ತೆ’ ಎಂದಲ್ಲ, ‘ಗೊತ್ತಿದ್ದೂ ಯಾಕೆ’ ಎಂದು ಅವರು ಕೇಳಿದ್ದು. ಮನುಷ್ಯ ಸ್ವತಂತ್ರನಾಗಿರಬೇಕಾದರೆ ಕೆಟ್ಟದ್ದನ್ನು ಮಾಡಲೂ ಸ್ವತಂತ್ರನಿರಬೇಕು, ಪ್ರತಿ ಸಲವೂ ದೇವರು ಕೈ ಹಿಡಿದರೆ ಅದು ಸ್ವಾತಂತ್ರ್ಯವಲ್ಲ ಎಂದು ಧರ್ಮಶಾಸ್ತ್ರ ಹೇಳುತ್ತದೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಚಾಲಕನ ಸ್ವಾತಂತ್ರ್ಯದ ಬೆಲೆಯನ್ನು ತೆತ್ತದ್ದು ಹುಡುಗ. ಇದನ್ನು ಆ ತಾಯಿಯ ಎದುರು ಹೇಳುವ ಧೈರ್ಯ ನನಗಿಲ್ಲ, ಹೇಳಬಾರದು ಕೂಡ. ಕ್ರೈಸ್ತ ನಂಬಿಕೆ ಅಂತಿಮವಾಗಿ ತೋರಿಸುವುದು ವಾದವನ್ನಲ್ಲ, ಶಿಲುಬೆಯನ್ನು: ದೇವರ ಮಗನೇ ಅದರ ಮೇಲೆ ‘ಯಾಕೆ’ ಎಂದು ಕೂಗಿದ ಎಂದು. ಆ ಕೂಗಿಗೂ ಅಂದು ಆಕಾಶದಿಂದ ಉತ್ತರ ಬರಲಿಲ್ಲ. ಆ ತಾಯಿಯ ಗೋಡೆಯ ಮೇಲಿದ್ದದ್ದು ಅದೇ ಶಿಲುಬೆ. ಅವರು ಗೋಡೆಯನ್ನು ಕೇಳಿದ್ದರು ಎಂದೆನಲ್ಲ; ಬಹುಶಃ ಕೇಳಬೇಕಾದವನನ್ನೇ ಕೇಳಿದ್ದರು.

ನನ್ನ ಕೆಲಸ ಸಣ್ಣದು. ಆ ದಿನದಿಂದ ಅಪಘಾತದ ಸುದ್ದಿಯಲ್ಲಿ ‘ವಿಧಿ’ ಎಂಬ ಪದವನ್ನು ನಾನು ಬಳಸಿಲ್ಲ. ಗಾಡಿಯ ಬ್ರೇಕು ಹೇಗಿತ್ತು, ರಸ್ತೆಯಲ್ಲಿ ದೀಪವಿತ್ತೆ, ಚಾಲಕ ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದ, ಅವನನ್ನು ಹಾಗೆ ಓಡಿಸಲು ಬಿಟ್ಟವರು ಯಾರು, ಇಷ್ಟನ್ನು ವಿಚಾರಿಸುತ್ತೇನೆ. ಸಿಕ್ಕಷ್ಟನ್ನು ಬರೆಯುತ್ತೇನೆ. ವಿಧಿ ಎಂದು ಬರೆದರೆ ಈ ಪ್ರಶ್ನೆಗಳೆಲ್ಲ ಒಂದೇ ಪದದ ಕೆಳಗೆ ಹೂತುಹೋಗುತ್ತವೆ.

ಅವರ ಮನೆಗೆ ಈಗಲೂ ವರ್ಷಕ್ಕೊಂದು ಸಲ, ಹುಡುಗ ತೀರಿಕೊಂಡ ದಿನ ಹೋಗುತ್ತೇನೆ. ತಾಯಿ ಆ ಪ್ರ��್ನೆಯನ್ನು ಮತ್ತೆ ಕೇಳಿಲ್ಲ. ನಾನೂ ಉತ್ತರ ಹೇಳಿಲ್ಲ. ಚಹಾ ಕೊಡುತ್ತಾರೆ, ಕುಡಿಯುತ್ತೇನೆ. ಹೊರಡುವಾಗ ತಂದೆ ಬಾಗಿಲವರೆಗೆ ಬಂದು, ‘ಗಾಡಿ ನಿಧಾನ ಹೊಡಿ ತಮ್ಮಾ’ ಎನ್ನುತ್ತಾರೆ.

ನಿಧಾನವಾಗಿಯೇ ಹೊಡೆಯುತ್ತೇನೆ. ಅಷ್ಟು ನನ್ನ ಕೈಯಲ್ಲಿದೆ.